ಢಾಲಲ್ಲ, ಅದು ಮೊರ!

ಭಾನುವಾರ ಸಂಜೆ ಐದರೊಳಗೆ ಆ ನೆರಳು ಯಾರದೆಂದು ಜಗತ್ತಿಗೆ ಸಾಬೀತು ಮಾಡದಿದ್ದರೆ ತಾನು ಸರ್ವೇಯರೇ ಅಲ್ಲ, ಅಳತೆಯ ಸರಪಳಿಯನ್ನು ಕೋಟೆಯ ಕಂದಕಕ್ಕೆ ಎಸೆದುಬಿಡುತ್ತೇನೆ ಎಂದು ಪ್ರೇಮಕುಮಾರ ಶಪಥ ಮಾಡಿದ. ಶಪಥಕ್ಕೆ ಸಾಕ್ಷಿ ಗೆಳೆಯ ಜೀಶಾನ್ ಒಬ್ಬನೇ. ಹೆಂಡತಿ ತ್ರಿವೇಣಿ ಖೂಬಾ ಪ್ಲಾಟ್ ಬಡಾವಣೆಯ ತಮ್ಮ ಬಾಡಿಗೆ ಮನೆಯಲ್ಲಿದ್ದಿದ್ದರೆ ಶಪಥ ಅರ್ಧಕ್ಕೇ ನಿಲ್ಲುತ್ತಿತ್ತು. ಆದರೆ ಆಕೆ ಬಾಣಂತನಕ್ಕೆಂದು ತವರೂರು ಕಮಲಾಪುರಕ್ಕೆ ಹೋದವಳು ಇನ್ನೂ ಬಂದಿರಲಿಲ್ಲ. ಯಾಕೆ ಬಂದಿರಲಿಲ್ಲ ಎಂಬುದೇ ಈ ಕತೆ.

ಪ್ರೇಮಕುಮಾರನಿಗೆ ಮೂವತ್ತೆರಡು ವರ್ಷ. ಹೊಲ ಅಳೆಯುವುದು ಕಸುಬು, ಆಟ ಆಡುವುದು ಚಟ. ಇಸ್ಪೀಟಲ್ಲ, ಕ್ರಿಕೆಟ್ಟಲ್ಲ. ಅವನೂ ಜೀಶಾನನೂ ಇನ್ನಿಬ್ಬರೂ ಪ್ರತಿ ಭಾನುವಾರ ಐವಾನ್-ಎ-ಶಾಹಿ ಬಡಾವಣೆಯಲ್ಲಿರುವ ಜೀಶಾನನ ಮನೆಯ ಮಾಳಿಗೆಯಲ್ಲಿ ದಾಳ ಹಿಡಿದು ಕುಳಿತು, ಒಬ್ಬ ಮಾಂತ್ರಿಕ, ಒಬ್ಬ ಕುಳ್ಳ ಕಮ್ಮಾರ, ಒಬ್ಬ ಉದ್ದಕಿವಿಯ ಬಿಲ್ಲುಗಾರ ಎಂದು ಪಾತ್ರ ಹಂಚಿಕೊಂಡು, ಇಲ್ಲದ ಕಾಡಿನಲ್ಲಿ ಇಲ್ಲದ ರಾಕ್ಷಸರನ್ನು ಕೊಲ್ಲುತ್ತಿದ್ದರು. ಓದಿದ ಗಂಡಸರು ಹೀಗೂ ಮಾಡುತ್ತಾರೆಯೇ ಎಂದು ಕೇಳಬೇಡಿ. ಓದಿದವರೇ ಮಾಡುತ್ತಾರೆ.

ಈ ಆಟದಲ್ಲಿ ಜೀವಿಗಳಿಗೆ ಎರಡು ಪಟ್ಟಿ. ಮೊದಲನೆಯದು ಆಟಗಾರ ತಾನೇ ಧರಿಸಬಹುದಾದ ಕುಲಗಳದು. ಎರಡನೆಯದು ಕಂಡಲ್ಲಿ ಹೊಡೆಯಬೇಕಾದ ರಾಕ್ಷಸರದು. ಹೊಸ ಆವೃತ್ತಿಯಲ್ಲಿ ಒಂದು ರಾಕ್ಷಸ ಜಾತಿಗೆ ಎರಡನೆಯ ಪಟ್ಟಿಯಿಂದ ಮೊದಲನೆಯದಕ್ಕೆ ಬಡ್ತಿ ಕೊಡುತ್ತೇವೆಂದು ಕಂಪನಿಯವರು ಸಾರಿ, ಸುಳಿವಿಗೆಂದು ಒಂದು ಕಪ್ಪು ನೆರಳಿನ ಚಿತ್ರ ಬಿಟ್ಟಿದ್ದರು. ಅದು ಯಾರೆಂದು ಆ ಭಾನುವಾರ ಸಂಜೆ ಐದಕ್ಕೆ ತೋರಿಸುವವರಿದ್ದರು. ಕುಳಿತ ಆಕೃತಿ. ನೆತ್ತಿಯ ಮೇಲೊಂದು ಗಂಟು. ಮೈಗೆ ಆತುಕೊಂಡಂತೆ ಅಗಲವಾದದ್ದೇನೋ. ಅಷ್ಟೇ! ಅಷ್ಟಕ್ಕೇ ಲೋಕದ ಅಭಿಮಾನಿಗಳೆಲ್ಲ ಅನ್ನ ನೀರು ಬಿಟ್ಟು ಊಹೆಗೆ ಇಳಿದರು.

ಪ್ರೇಮಕುಮಾರ ಉಳಿದವರಂತೆ ಬರಿಗಣ್ಣಿನಿಂದ ಊಹಿಸುವವನಲ್ಲ. ನೆರಳನ್ನು ದೊಡ್ಡ ಹಾಳೆಯಲ್ಲಿ ಅಚ್ಚು ಹಾಕಿಸಿ ಗೋಡೆಗೆ ಅಂಟಿಸಿ, ಸ್ಕೇಲು ಹಿಡಿದು ಅಳೆದು, ಹೊಲಕ್ಕೆ ಬರೆಯುವಂತೆ ಅದಕ್ಕೂ ಚೆಕ್ಕುಬಂದಿ ಬರೆದ. ಪೂರ್ವಕ್ಕೆ ಮೊಣಕಾಲು, ಪಶ್ಚಿಮಕ್ಕೆ ಬೆನ್ನು, ಉತ್ತರಕ್ಕೆ ಗಂಟು, ದಕ್ಷಿಣಕ್ಕೆ ನೆಲ.

“ಭಾಯ್, ಎಲ್ಲಾರೂ ಅದು ಢಾಲು ಅನ್ಲಕತ್ತಾರ,” ಎಂದ ಜೀಶಾನ್, ಗುರಾಣಿ ಹಿಡಿದಂತೆ ಕೈ ಮಡಚಿ ತೋರಿಸಿ. “ನೀ ಒಬ್ಬನೇ ಯಾಕ್ ಅಡ್ಡ ಹೊಂಟೀದಿ?”

“ಢಾಲು ಹಿಡ್ದವ್ರು ಹಿಂಗ ಕುಂತಿರ್ತಾರೇನೋ? ಒಂದ್ ಮೊಣಕಾಲು ಮ್ಯಾಲ, ಒಂದು ಮಡಚಿ. ಹಿಂಗ ಕುಂತು ಯಾರರ ಯುದ್ಧ ಮಾಡ್ಯಾರಾ?”

“ಮತ್ತೇನ್ ಮಾಡ್ಯಾರ?”

“ಜ್ವಾಳಾ ಹಸನ ಮಾಡ್ಯಾರ! ಅದು ಢಾಲಲ್ಲ, ಮರಾ!”

ಜೀಶಾನ್ ನೆರಳನ್ನು ನೋಡಿದ. ತಲೆ ಓರೆ ಮಾಡಿ ಮತ್ತೊಮ್ಮೆ ನೋಡಿದ. ಯಾವುದೇ ಆಕೃತಿಯಲ್ಲಿ ಒಮ್ಮೆ ಮೊರ ಕಂಡಮೇಲೆ ಬೇರೇನೂ ಕಾಣುವುದಿಲ್ಲ. “ಯಾ ಅಲ್ಲಾ,” ಎಂದು ಕುಳಿತುಬಿಟ್ಟ.

ಪ್ರೇಮಕುಮಾರನ ಬಳಿ ಪುರಾವೆಯೂ ಇತ್ತು. ಮಗಳನ್ನು ತೊಟ್ಟಿಲಿಗೆ ಹಾಕಿದ ದಿನ ಕಮಲಾಪುರದಲ್ಲಿ ಅವನು ತೆಗೆದ ಫೋಟೊ ಒಂದಿತ್ತು. ಅತ್ತೆ ಶೇವಂತಾ ಬಾಗಿಲಿಗೆ ಅಡ್ಡಲಾಗಿ ಕುಳಿತು ಜೋಳ ಕೇರುತ್ತಿದ್ದಾರೆ. ಬೆನ್ನ ಹಿಂದೆ ಬಿಸಿಲು, ಹೀಗಾಗಿ ಅತ್ತೆ ಪೂರಾ ಕಪ್ಪು. ಅದೇ ಮೊಣಕಾಲು, ಅದೇ ಗಂಟು, ಅದೇ ಅಗಲ! ಪ್ರೇಮಕುಮಾರ ಎರಡೂ ಚಿತ್ರಗಳನ್ನು ಪಕ್ಕಪಕ್ಕ ಇಟ್ಟು, ಬಾಣದ ಗುರುತು ಹಾಕಿ, ಅಭಿಮಾನಿಗಳ ಜಾಲತಾಣಕ್ಕೆ ಏರಿಸಿದ. ಕೆಳಗೆ ಬರೆದ: “ಈಕೆ ಎರಡನೆಯ ಪಟ್ಟಿಯ ಬಂಡೆ ದೈತ್ಯೆ. ಯುದ್ಧಕ್ಕೆ ಕುಳಿತಿಲ್ಲ, ರಾತ್ರಿಯ ರೊಟ್ಟಿಗೆ ಕಾಳು ಕೇರುತ್ತಿದ್ದಾಳೆ. ಹುಟ್ಟಿನಿಂದ ಯಾರೂ ರಾಕ್ಷಸರಲ್ಲ. ಕೇರಲು ಕಾಳಿರುವ ಜೀವಿಗೆ ಕುಲದ ಹಕ್ಕೂ ಇದೆ.”

ಮಾತು ಒಳ್ಳೆಯದೇ. ಒಳ್ಳೆಯ ಮಾತಿಗೆ ಅತ್ತೆಯ ಫೋಟೊ ಯಾಕೆ ಬೇಕಿತ್ತು ಎಂಬುದನ್ನು ಅವನು ಯೋಚಿಸಲಿಲ್ಲ.

ಎರಡೇ ದಿನದಲ್ಲಿ ಜಗತ್ತು ಹೊತ್ತಿಕೊಂಡಿತು. ಯಾವುದೋ ದೇಶದವನು ‘ನಮ್ಮಜ್ಜಿಯೂ ಹೀಗೇ ಕೂರುತ್ತಾಳೆ’ ಎಂದು ಬರೆದ. ಇನ್ನೊಬ್ಬ ಮೊರದಿಂದ ಹೊಡೆದರೆ ಎಷ್ಟು ಪೆಟ್ಟು ಬೀಳಬಹುದೆಂದು ಲೆಕ್ಕ ಹಾಕಿದ. ಬ್ರೆಜಿಲಿನ ಕಲಾವಿದನೊಬ್ಬ ಶೇವಂತಾ ಅವರಿಗೆ ಹಸಿರು ಮೈ, ಎರಡು ಕೋರೆಹಲ್ಲು ಬರೆದು, ಕೆಳಗೆ ‘ಕಮಲಾಪುರದ ದೈತ್ಯೆ’ ಎಂದು ಹೆಸರಿಟ್ಟ. ಊರಿನ ಹೆಸರು ಕೊಟ್ಟವನು ಪ್ರೇಮಕುಮಾರನೇ. ಸರ್ವೇಯರ್ ಅಲ್ಲವೆ, ಸ್ಥಳ ನಮೂದಿಸದೆ ಕಾಗದ ಬಿಡುವುದಿಲ್ಲ.

ಅಷ್ಟರಲ್ಲಿ ತ್ರಿವೇಣಿಯ ಫೋನು.

“ಈ ಐತ್ವಾರ ಕರ್ಯಾಕ ಬರ್ತೀರಿಲ್ರಿ? ಏಳನೇ ತಿಂಗಳು ಮುಗೀಲಕತ್ತದ.”

ಬಾಣಂತಿಯನ್ನು ಗಂಡನ ಮನೆಗೆ ಬೆಸ ತಿಂಗಳಲ್ಲೇ ಕಳಿಸಬೇಕು, ಗಂಡನೇ ಸೀರೆ ತಂದು ಉಡಿಸಿ ಕರೆದೊಯ್ಯಬೇಕು ಎಂಬುದು ಆ ಮನೆಯ ಪದ್ಧತಿ. “ಪಂಚಾಂಗ ನಾವು ನೋಡಂಗಿಲ್ಲ, ಆದ್ರ ಬೆಸ ಅಂದ್ರ ಬೆಸ,” ಎಂದು ಮಾವ ಸೂರ್ಯಕಾಂತ ಹೇಳಿ ಆಗಿತ್ತು. ಐದನೇ ತಿಂಗಳನ್ನು ಪ್ರೇಮಕುಮಾರ ಹೊಸ ಆವೃತ್ತಿಯ ಚರ್ಚೆಗೆ ಬಲಿ ಕೊಟ್ಟಿದ್ದ. ಏಳೂ ತಪ್ಪಿದರೆ ಒಂಬತ್ತು.

“ಐತ್ವಾರ ಅಂತಿಮ ತೀರ್ಪದ, ತ್ರಿವೇಣಿ.”

“ಕೋರ್ಟಿಂದೇನ್ರಿ?”

“ಕೋರ್ಟಿನಕಿಂತ ದೊಡ್ದು! ತಡಿ, ಫೋಟೊ ಕಳಸ್ತೀನಿ. ನೋಡಿದ್ರ ನಿನಗೇ ಅಭಿಮಾನ ಅನಸ್ತದ.”

ಕಳಿಸಿದ. ಬ್ರೆಜಿಲಿನವನು ಬರೆದದ್ದನ್ನೇ.

“ರೀ... ಇದು ನಮ್ಮವ್ವ ಅಲ್ಲೇನ್ರಿ?”

“ಹೌದು! ಭಾರಿ ಗುರ್ತ ಹಿಡ್ದಿ!”

“ಬಾಯಾಗ ಕೋರೆಹಲ್ಲವಲ್ರಿ!”

“ಅವು ಬ್ರೆಜಿಲಿನವ್ನು ಹಚ್ಚಿದ್ದು. ನಾ ಬರೇ ಮೂಲಪ್ರತಿ ಕೊಟ್ಟೀನಿ.”

ಫೋನು ಕಟ್ಟಾಯಿತು. ಹತ್ತು ನಿಮಿಷದ ಮೇಲೆ ಮಾವನ ಫೋನು ಬಂತು. ಸೂರ್ಯಕಾಂತ ಬಸ್ ಕಂಡಕ್ಟರಾಗಿ ನಿವೃತ್ತರಾದವರು, ಹೆಚ್ಚು ಮಾತಿಲ್ಲ. “ಐತ್ವಾರ ಮೂರಕ್ಕ ಬರ್ರಿ. ನಿಮ್ಮತ್ತಿ ಕರೀಲಕತ್ತಾಳ,” ಎಂದರು, ಇಟ್ಟರು.

ಪ್ರೇಮಕುಮಾರ ಅಂದೇ ಹೋಗಿ ಸೀರೆ ಕೊಂಡು ತಂದ. ಮಗಳನ್ನು ಅವನು ನೋಡಿದ್ದು ತೊಟ್ಟಿಲ ದಿನ, ಆಮೇಲೆ ಒಂದೇ ಸಲ. ಉಳಿದದ್ದೆಲ್ಲ ಫೋನಿನ ಗಾಜಿನಲ್ಲಿ.

ಭಾನುವಾರ ಜೀಶಾನನ ಬೈಕಿನ ಹಿಂದೆ ಕುಳಿತು, ಮಡಿಲಲ್ಲಿ ಸೀರೆಯ ಪೊಟ್ಟಣ ಇಟ್ಟುಕೊಂಡು, ಕೋರ್ಟಿಗೆ ಹೋಗುವ ಆಪಾದಿತನಂತೆ ಕಮಲಾಪುರ ಮುಟ್ಟಿದ. ಶೇವಂತಾ ಬಾಗಿಲಲ್ಲೇ ಕುಳಿತಿದ್ದರು. ಒಂದು ಮೊಣಕಾಲು ಮೇಲೆ, ಒಂದು ಮಡಚಿ. ಕೈಯಲ್ಲಿ ಮೊರ. ಮೂವತ್ತು ವರ್ಷ ಅಂಗನವಾಡಿ ನಡೆಸಿದ ಹೆಂಗಸು. ಊರಿನ ಅರ್ಧ ಜನ ಆಕೆಯ ಮುಂದೆ ಮೂಗು ಒರೆಸಿಕೊಂಡು ಬೆಳೆದವರೇ.

“ಬರ್ರಿ ಅಳ್ಯಾರ. ಇವ್ರು ಯಾರು? ವಕೀಲ್ರೇನು?”

“ದೋಸ್ತರಿ, ಅತ್ತೀ.”

“ಸಲಾಂ ಖಾಲಾ,” ಎಂದ ಜೀಶಾನ್ ಎರಡು ಹೆಜ್ಜೆ ಹಿಂದೆ ನಿಂತು. ಮೊರದ ಪೆಟ್ಟಿನ ಲೆಕ್ಕ ಅವನೂ ಓದಿದ್ದ.

ಶೇವಂತಾ ಮಗಳ ಫೋನನ್ನು ಮುಂದಕ್ಕೆ ತಳ್ಳಿದರು. “ಈ ಚಿತ್ರ ಬರ್ದವ್ನಿಗಿ ಬುದ್ಧಿ ಅದನೋ ಇಲ್ಲೋ?”

“ತಪ್ಪಾಯ್ತ್ರಿ ಅತ್ತೀ. ಆ ಹಲ್ಲು...”

“ಹಲ್ಲು ಹಾಳಾಗ್ಲಿ! ಮರಾ ಹಿಡ್ದ ಕೈ ನೋಡ್ರಿ. ಹಿಂಗ ಹಿಡ್ದು ಕೇರಿದ್ರ ಜ್ವಾಳೆಲ್ಲಾ ಅಂಗಳಕ್ಕ, ಹೊಟ್ಟೆಲ್ಲಾ ಮನಿಗಿ. ನೋಡ್ದವ್ರು ನನಗ ಹಸನ ಮಾಡ್ಲಾಕ ಬರಂಗಿಲ್ಲ ಅನ್ನಾಂಗಿಲ್ಲೇನು?”

ಪ್ರೇಮಕುಮಾರನಿಗೆ ಜೀವ ಬಂತು. ಬೇಗ ಬಂತು, ಅದೇ ತಪ್ಪಾಯಿತು. ಉಮೇದಿನಿಂದ ಎರಡೂ ಪಟ್ಟಿಗಳ ವಿಚಾರ ವಿವರಿಸತೊಡಗಿದ. ಶೇವಂತಾ ಮೊರ ಕೆಳಗಿಟ್ಟು ಕೇಳಿದರು. ಅಂಗನವಾಡಿಯಲ್ಲಿ ಸುಳ್ಳು ಹೇಳುವ ಮಕ್ಕಳ ಮಾತನ್ನೂ ಹೀಗೇ ಪೂರಾ ಕೇಳುತ್ತಿದ್ದರಂತೆ.

“ಅಂದ್ರ ನೀವು ನನ್ನ ಹೊಡಿಯೋ ಪಟ್ಟಿಯಿಂದ ತಗದು ಮಂದಿ ಪಟ್ಟಿಗಿ ಹಾಕ್ಸಾವ್ರು?”

“ಹೌದ್ರಿ! ಅದರ ಸಲುವಾಗೇ ಹೋರಾಟ!”

“ಮದಲ ಆ ಹೊಡಿಯೋ ಪಟ್ಟಿಗಿ ನನ್ನ ಹಾಕ್ದವ್ರು ಯಾರು?”

ಪ್ರೇಮಕುಮಾರ ಸೀರೆಯ ಪೊಟ್ಟಣದ ದಾರ ಬಿಗಿ ಮಾಡತೊಡಗಿದ. ಜೀಶಾನ್ ಆಕಾಶ ನೋಡಿದ.

“ಇರ್ಲಿ,” ಎಂದರು ಶೇವಂತಾ. “ಇಷ್ಟು ದೇಶದವ್ರ ಮುಂದ ನನ್ನ ಕುಂದ್ರಸೀರಿ. ಈಗ ಸೋತು ಬಂದ್ರ ನನ್ನ ಮಾನ ಹೋಗ್ತದ. ತೀರ್ಪು ಎಷ್ಟೊತ್ತಿಗಿ?”

“ಐದಕ್ಕ.”

“ನಾ ಗೆದ್ರ, ಸೀರಿ ಉಡಸ್ರಿ, ಹೆಂಡ್ತಿನ್ನ ಕರ್ಕೊಂಡು ಹೋಗ್ರಿ.”

ಹೀಗೆ ಒಬ್ಬ ಗಂಡಸಿನ ಸಂಸಾರ ಸಾವಿರಾರು ಮೈಲಿ ಆಚೆಯ ಯಾವುದೋ ಕಂಪನಿಯ ಕೈಗೆ ಹೋಯಿತು. ಐದಕ್ಕೆ ಇಡೀ ಮನೆ ಒಂದು ಫೋನಿನ ಸುತ್ತ ಬಗ್ಗಿತು. ಸೂರ್ಯಕಾಂತ ಕನ್ನಡಕ ಹಾಕಿಕೊಂಡರು. ತ್ರಿವೇಣಿ ಒಲೆ ಆರಿಸಿ ಬಂದಳು. ಪರದೆಯ ಮೇಲೆ ತುತ್ತೂರಿ ಊದಿತು, ಹೊಗೆ ಎದ್ದಿತು, ನೆರಳಿನ ಮೇಲೆ ಮೆಲ್ಲಗೆ ಬೆಳಕು ಬಿತ್ತು.

ಅದು ಆಮೆ.

ಗಂಟೆಂದುಕೊಂಡದ್ದು ತಲೆ. ತಲೆಯೆಂದುಕೊಂಡದ್ದು ಕುತ್ತಿಗೆ. ಜಗತ್ತು ಢಾಲೆಂದದ್ದು, ಪ್ರೇಮಕುಮಾರ ಮೊರವೆಂದದ್ದು, ಅದರ ಚಿಪ್ಪು!

“ಕಛುವಾ!” ಎಂದ ಜೀಶಾನ್.

“ಆಮಿಗಿ ಕೊಟ್ರು?” ಶೇವಂತಾ ಗಂಡನನ್ನು ನೋಡಿದರು. “ನನ್ನ ಬಿಟ್ಟು ಆಮಿಗಿ ಕೊಟ್ರಾ?”

“ಸೀನಿಯಾರಿಟಿ ಇರಬೇಕು,” ಎಂದರು ಸೂರ್ಯಕಾಂತ.

ಪ್ರೇಮಕುಮಾರ ಗೋಡೆಗೆ ಒರಗಿ ಕುಸಿದ. ಎರಡು ತಿಂಗಳ ಅಳತೆ, ಬಾಣದ ಗುರುತುಗಳು, ಚೆಕ್ಕುಬಂದಿ, ಎಲ್ಲ ಒಂದು ಆಮೆಯ ಕಾಲಡಿ ಹೋದವು. ಸರಪಳಿಯ ಶಪಥವನ್ನು ಸಾಕ್ಷಿ ಜೀಶಾನ್ ನೆನಪಿಸಲು ಹೋಗಲಿಲ್ಲ. ಜಾಲತಾಣದಲ್ಲಿ ಆಗಲೇ ಅವನನ್ನು ನೋಡಿ ನಗುವ ಚಿತ್ರಗಳು ಏರತೊಡಗಿದ್ದವು. ಅವನು ಫೋನು ಮುಚ್ಚಿಟ್ಟ. “ಅತ್ತೀ,” ಎಂದ ಸಣ್ಣ ದನಿಯಲ್ಲಿ, “ನನ್ನ ಮಗಳ್ನಾದ್ರೂ ಒಮ್ಮಿ ಎತ್ಕೊಳ್ಲಾಕ ಕೊಡ್ರಿ.”

ಶೇವಂತಾ ಅಷ್ಟು ಕಠಿಣರಲ್ಲ. ಒಳಗಿನಿಂದ ಕೂಸನ್ನು ತಂದರು. ಕೂಸು ಜೀಶಾನನ ಗಡ್ಡ ನೋಡಿ ನಕ್ಕಿತು. ಅಜ್ಜನ ಕನ್ನಡಕಕ್ಕೆ ಕೈ ಚಾಚಿ ನಕ್ಕಿತು. ಕಟ್ಟೆಯ ಮೇಲಿನ ಕೋಳಿಯನ್ನು ನೋಡಿ ಕೇಕೆ ಹಾಕಿತು. ಅಪ್ಪನ ಮುಖ ಎದುರಿಗೆ ಬಂತು. ಕೂಸು ಒಂದು ಗಳಿಗೆ ಉಸಿರು ಹಿಡಿದು ಪರೀಕ್ಷಿಸಿ, ಆಮೇಲೆ ಓಣಿಯ ಕೊನೆಯ ಮನೆಗೆ ಕೇಳುವಂತೆ ಕಿರುಚಿಕೊಂಡಿತು.

“ನಿಮ್ಮ ಗುರ್ತೇ ಇಲ್ಲ ಅಕಿಗಿ,” ಎಂದಳು ತ್ರಿವೇಣಿ. ಅದರಲ್ಲಿ ಸಿಟ್ಟಿರಲಿಲ್ಲ. ಅದೇ ಅವನಿಗೆ ಹೆಚ್ಚು ನಾಟಿತು.

ಶೇವಂತಾ ತೀರ್ಪು ಕೊಟ್ಟರು: “ಸೀರಿ ಇಲ್ಲೇ ಇಡ್ರಿ. ದಿನಾ ಕೆಲಸ ಮುಗಿಸಿ ಬಸ್ಸಿಗಿ ಬರ್ರಿ. ಆ ಕಂಬದ ಬಾಜೂಕ ಸುಮ್ ಕುಂದರ್ರಿ. ಮೈಮ್ಯಾಲ ಬೀಳಬ್ಯಾಡ್ರಿ. ಕೂಸು ಅಳೂದು ಬಿಟ್ಟ ದಿನ ಕಳಸ್ತೀನಿ. ಸಮ ತಿಂಗಳಾದ್ರೂ ನಡೀತದ.”

ಆ ಮನೆಯ ಇತಿಹಾಸದಲ್ಲಿ ಬೆಸ ತಿಂಗಳ ಪದ್ಧತಿ ಸಡಿಲಾದದ್ದು ಅದೇ ಮೊದಲು. ಅದರ ದೊಡ್ಡಸ್ತಿಕೆಯನ್ನು ಗಮನಿಸುವ ಸ್ಥಿತಿಯಲ್ಲಿ ಪ್ರೇಮಕುಮಾರ ಇರಲಿಲ್ಲ.

ಮರುದಿನದಿಂದ ಬಂದ. ಕಂಬದ ಪಕ್ಕ ಕುಳಿತ. ಕೂಸು ಅತ್ತಿತು. ಆರನೇ ದಿನ ಮೀಸೆ ಬೋಳಿಸಿ ಬಂದ. ಕೂಸು ಇನ್ನಷ್ಟು ಅತ್ತಿತು. ಒಂಬತ್ತನೇ ದಿನ ಬಸ್ಸು ಕೆಟ್ಟು ತಡವಾಗಿ ಬಂದರೂ, ಕಾದಿದ್ದಂತೆ ಅತ್ತಿತು. ಹನ್ನೊಂದನೇ ದಿನ ತ್ರಿವೇಣಿ ಕೂಸನ್ನು ಹೆಗಲ ಮೇಲೆ ಹಾಕಿಕೊಂಡು ಅಂಗಳಕ್ಕೆ ಬಂದಳು. ಪ್ರೇಮಕುಮಾರ ಉಸಿರು ಬಿಗಿಹಿಡಿದ. ಒಂದು ನಿಮಿಷ. ಎರಡು. ಐದು. ಅಳುವಿಲ್ಲ, ಚೀರಾಟವಿಲ್ಲ!

“ತ್ರಿವೇಣೀ!” ಎಂದು ಎದ್ದು ಕೂಗಿದ. “ಗುರ್ತ ಹಿಡ್ದಾಳ! ಅಳಲ್ದಾಂಗ ಆದ್ಳು! ನಡಿ, ಸೀರಿ ತಗಿ!”

ತ್ರಿವೇಣಿ ಕಣ್ಣು ಮುಚ್ಚಿ, ಹಲ್ಲು ಕಚ್ಚಿ ಹೇಳಿದಳು:

“ಮಲಗಿದ್ಳು ರೀ. ಈಗ ಎಬ್ಬಸ್ದಿರಿ.”