ಹತ್ತನೇ ಪಾಸಿನ ಕುರ್ಚಿ

ಇಷ್ಟೆಲ್ಲ ರಾದ್ಧಾಂತಕ್ಕೆ ಕಾರಣ ಒಂದು ಸ್ಟೂಲು. ಯಲಬುರ್ಗಾದ ಆ ಸರ್ಕಾರಿ ಕಚೇರಿಯ ಬಾಗಿಲ ಹೊರಗೆ, ಒಂದು ಕಾಲು ಗಿಡ್ಡವಿದ್ದ ಆ ಸ್ಟೂಲಿನ ಮೇಲೆ ಜವಾನ ಮರ್ದಾನಸಾಬ ಇಪ್ಪತ್ತೊಂಬತ್ತು ವರ್ಷ ಅಲ್ಲಾಡುತ್ತ ಕೂತಿದ್ದ. ಒಳಗಿನ ಗುಮಾಸ್ತರಿಗೆಲ್ಲ ಕೈಯಿಟ್ಟು ಕೂರುವ ಕುರ್ಚಿ. ಅವುಗಳಲ್ಲೊಂದು ಈಗ ಖಾಲಿಯಾಗಿತ್ತು. ಅದರಲ್ಲಿ ಕೂರಲು ಬಡ್ತಿ ಬೇಕು, ಬಡ್ತಿಗೆ ಹತ್ತನೇ ಕ್ಲಾಸು ಪಾಸಾಗಿರಬೇಕು. ಮರ್ದಾನಸಾಬನೋ, ತಳಕಲ್ಲಿನ ಶಾಲೆಗೆ ಒಂಬತ್ತರಲ್ಲೇ ಸಲಾಮು ಹೊಡೆದಿದ್ದ ಆಸಾಮಿ!

"ರಿಟೈರಾಗಾಕ ಇನ್ನ ಎರಡ ವರ್ಷ ಐತಿ. ಆ ಎರಡ ವರ್ಷರ ಕುರ್ಚಿ ಮ್ಯಾಲೆ ಕುಂದ್ರತೀನಿ," ಎಂದು ಹೆಂಡತಿ ಗೌಸಬೀಗೆ ಹೇಳಿ, ಖಾಸಗಿಯಾಗಿ ಪರೀಕ್ಷೆ ಕಟ್ಟಿದ. ಮೊಮ್ಮಕ್ಕಳ ವಯಸ್ಸಿನವರ ನಡುವೆ ಕೂತು ಬರೆದೂ ಬಂದ. ಹಳೆಯ ಶಾಲೆಯಿಂದ ತಂದ ಕಾಗದವನ್ನು ಬಿಚ್ಚಿಯೂ ನೋಡಿರಲಿಲ್ಲ. ಹಾಲ್‌ಟಿಕೆಟ್ಟಿನಲ್ಲಿ ನಂಬರೊಂದನ್ನು ಬಿಟ್ಟು ಬೇರೇನನ್ನೂ ಓದಿರಲಿಲ್ಲ.

ಇವತ್ತು ಫಲಿತಾಂಶ. ಬಡ್ತಿಯ ಪಟ್ಟಿ ಕೊಪ್ಪಳಕ್ಕೆ ಹೋಗಲು ಇವತ್ತೇ ಸಂಜೆ ಐದರ ಗಡುವು.

ಹನ್ನೊಂದಕ್ಕೆಲ್ಲ ಕಂಪ್ಯೂಟರಿನ ಶಾಂಭವಿಯ ಬೆನ್ನ ಹಿಂದೆ ಇಡೀ ಕಚೇರಿ ನೆರೆಯಿತು.

"ಹುಟ್ಟಿದ ತಾರೀಕು ಹೇಳ್ರಿ ಚಾಚಾ."

"ಜುಲೈ ಒಂದು, ಅರವತ್ತೆಂಟು."

ಕಂಪ್ಯೂಟರು ಕೆಂಪಗೆ ಮುಖ ಮಾಡಿತು: ವಿವರ ತಾಳೆಯಾಗುತ್ತಿಲ್ಲ.

"ನಾ ಹುಟ್ಟಿದ್ದ ಸುಳ್ಳ ಏನ್ರಿ ಅಕ್ಕಾರ?" ಎಂದ ಮರ್ದಾನಸಾಬ. ಗಾಬರಿಯಾದಾಗ ಅವನದೊಂದು ಚಾಳಿಯಿತ್ತು; ಉದ್ದನೆಯ ಬಲಗೈ ತಲೆಯ ಮೇಲಿಂದ ಹಾದು ಎಡಗಿವಿಯನ್ನು ಹಿಡಿದುಕೊಳ್ಳುತ್ತಿತ್ತು. ಈಗಲೂ ಹಿಡಿಯಿತು.

"ನೀವು ಸುಮ್ನ ನಿಂದರ್ರಿ," ಎನ್ನುತ್ತ ಶಾಂಭವಿ ಅವನ ಹಾಲ್‌ಟಿಕೆಟ್ ಕಸಿದುಕೊಂಡು ಅದನ್ನೇ ನೋಡಿ ಟಕಟಕ ಒತ್ತಿದಳು. ಪುಟ ತೆರೆಯಿತು. ಆರು ವಿಷಯದ ಅಂಕಗಳನ್ನು ಅವಳು ಹಳೆ ಲಕೋಟೆಯ ಮೇಲೆ ಬರೆದುಕೊಂಡಳು. ಪಾಸೋ ಫೇಲೋ ಎಂಬ ಕೊನೆಯ ಸಾಲು ಮೂಡುವುದರೊಳಗೆ ಕರೆಂಟು ಹೋಯಿತು; ಮೊಬೈಲಿನಲ್ಲೂ ಇಂಟರ್‌ನೆಟ್ ಸಿಗಲಿಲ್ಲ, ಮಾತು ಮಾತ್ರ ಹೋಗುತ್ತಿತ್ತು.

ಲಕೋಟೆ ಗುಮಾಸ್ತ ವಿರೂಪಾಕ್ಷಪ್ಪನ ಕೈಗೆ ಹಾರಿತು. "ನನ್ನ ತಮ್ಮ ಮಾಸ್ತರ ಅದಾನ, ಈ ಲೆಕ್ಕ ನನಗ ಬಿಡ್ರಿ. ಗಣಿತ ಮೂವತ್ತು? ಮೂವತ್ತೈದು ಬೇಕು. ಫೇಲ್!"

ಮರ್ದಾನಸಾಬ ಹೊರಗೆ ಹೋಗಿ ಸ್ಟೂಲಿನ ಮೇಲೆ ಕುಸಿದ.

"ಅದು ಹೋದ ವರ್ಷದ ಮಾತು," ಎಂದ ಟಪಾಲಿನ ಸಿದ್ದೇಶ. "ಈ ಸಲ ನೂರಕ್ಕ ಮೂವತ್ತು ಬಿದ್ರ ಸಾಕು ಅಂತ ಮಾಡ್ಯಾರ. ಪಾಸ್!"

ಮರ್ದಾನಸಾಬ ಎದ್ದು ನಿಂತು ಮನೆಗೆ ಫೋನು ಹಚ್ಚಿದ. "ಪಾಸಾಗೀನಿ! ಓಣಿಗೆಲ್ಲ ಸಕ್ಕರಿ ಹಂಚು!"

"ತಡೀರಿ ತಡೀರಿ," ವಿರೂಪಾಕ್ಷಪ್ಪ ಕನ್ನಡಕ ಏರಿಸಿದ. "ಕನ್ನಡ ಪೇಪರ್ ನೂರಾ ಇಪ್ಪತ್ತೈದಕ್ಕ ಇರ್ತೈತಿ. ಇಲ್ಲಿ ನಲವತ್ತೊಂದು ಅದಾವ. ಅದಕ್ಕ ನಲವತ್ತನಾಲ್ಕು ಬೇಕು."

"ಅದೂ ಹಳೇ ಲೆಕ್ಕನೋ ಮಾರಾಯ! ಮೂವತ್ತರ ಲೆಕ್ಕದಾಗ ಮೂವತ್ತೆಂಟು ಸಾಕು," ಎಂದ ಸಿದ್ದೇಶ.

ಅಷ್ಟರಲ್ಲಿ ಸೂಪರಿಂಟೆಂಡೆಂಟ್ ಗೋವಿಂದರಾಜರೇ ಕೋಣೆಯಿಂದ ಹೊರಬಂದರು. ಅವರ ಮಗಳೂ ಈ ಸಲ ಹತ್ತನೇ ಬರೆದಿದ್ದಳು, ಹೀಗಾಗಿ ನಿಯಮವೆಲ್ಲ ಬಾಯಿಪಾಠ. "ಬರೇ ಮೂವತ್ತಾದ್ರ ಆಗೂದಿಲ್ರಿ. ಎಲ್ಲಾ ಕೂಡಿ ಇನ್ನೂರಾ ಆರು ಆಗಬೇಕು."

ವಿರೂಪಾಕ್ಷಪ್ಪ ಬೆರಳು ಮಡಚಿ ಕೂಡಿಸಿದ. ನೂರಾ ತೊಂಬತ್ತೇಳು!

ಮರ್ದಾನಸಾಬ ಮತ್ತೆ ಫೋನು ಹಚ್ಚಿದ. "ಸಕ್ಕರಿ ನಿಲ್ಸು!"

"ಎಂಟ ಮನಿ ಆಗ್ಯಾವ," ಎಂದಳು ಗೌಸಬೀ. "ವಾಪಸ್ ಇಸ್ಕೊಂಡ ಬರ್ಲೇನು?"

ಆಮೇಲಿನ ಐದು ತಾಸು ಮರ್ದಾನಸಾಬನಿಗೆ ಐದು ವರ್ಷವಾದವು. ಊಟದ ಡಬ್ಬಿ ಮುಟ್ಟಲಿಲ್ಲ. ಖಾಲಿ ಕುರ್ಚಿಯ ಕಡೆಗೆ ನೋಡಿದರೆ ಕಣ್ಣು ತುಂಬಿ ಬರುತ್ತಿತ್ತು. ಅವನಿಗೆ ಅಳು, ಕಚೇರಿಗೆ ಮಜಾ. ನಾಲ್ಕೂ ನಲವತ್ತಕ್ಕೆ ಕರೆಂಟು ಬಂತು. ಶಾಂಭವಿ ಪುಟ ತೆರೆದಳು. ತೆರೆಯ ಮೇಲೆ ಚಕ್ರ ಗಿರಗಿರ ತಿರುಗಿತು.

"ಚಾಚಾ! ಒಟ್ಟು ಇನ್ನೂರಾ ಏಳು! ಉತ್ತೀರ್ಣ ಅಂತ ಬಂದೈತಿ!"

"ಹತ್ತು ಕೈಯಾಗ ಹಿಡಿಯೂದು ಮರ್ತಿದ್ದೆ," ಎಂದು ವಿರೂಪಾಕ್ಷಪ್ಪ ತಲೆ ಕೆರೆದುಕೊಂಡ. ಅವನನ್ನು ಬೈಯುವಷ್ಟೂ ಪುರಸೊತ್ತಿರಲಿಲ್ಲ. ಮರ್ದಾನಸಾಬ ಕಣ್ಣೊರೆಸಿಕೊಳ್ಳುತ್ತ, ಕಾಗದಗಳನ್ನೆಲ್ಲ ಎದೆಗವಚಿಕೊಂಡು ಗೋವಿಂದರಾಜರ ಮೇಜಿಗೆ ಓಡಿದ.

ಗೋವಿಂದರಾಜರು ಅವನ ಸೇವಾ ಪುಸ್ತಕ ತೆರೆದಿಟ್ಟು, ಪೆನ್ನು ಬಿಚ್ಚಿದರು. ಹಾಲ್‌ಟಿಕೆಟ್ ನೋಡಿದರು. ಪೆನ್ನು ಮುಚ್ಚಿದರು.

"ಮರ್ದಾನಸಾಬ್ರ, ಇದರಾಗ ಜೂನ್ ಒಂದು ಅರವತ್ತಾರು ಅಂತ ಐತಲ್ಲ?"

"ಅದು ಸಾಲ್ಯಾಗ ಬರಕೊಂಡದ್ದಿರಬೇಕ್ರಿ. ನಮ್ಮ ವರ್ಗದಾಗ ಎಲ್ಲಾರೂ ಜೂನ್ ಒಂದಕ್ಕ ಹುಟ್ಟಿದವರ ರೀ."

"ವರ್ಷ?"

ಮರ್ದಾನಸಾಬ ನಾಚಿಕೊಂಡ. "ನಾಲ್ಕು ವರ್ಷದಾಂವಾ ಇದ್ದೆ, ಮನ್ಯಾಗ ಭಾಳ ಕಾಡತಿದ್ದೆ ಅಂತ ನಮ್ಮಪ್ಪ ಸಾಲಿಗೆ ಎಳಕೊಂಡ ಹೋಗಿದ್ದ. ತಲಿ ಮ್ಯಾಲಿಂದ ಕೈ ಹಾಯಿಸಿ ಕಿವಿ ಮುಟ್ಟು ಅಂದ್ರು ಮಾಸ್ತರು. ನಂದು ಉದ್ದ ಕೈ ನೋಡ್ರಿ, ಮುಟ್ಟಿಬಿಟ್ಟಿತು. ಆರು ತುಂಬ್ಯಾವ ಅಂತ ಹೆಸರು ಹಚ್ಚಿಕೊಂಡ್ರು."

ಗೋವಿಂದರಾಜರು ಸೇವಾ ಪುಸ್ತಕವನ್ನು ಅವನ ಕಡೆ ತಿರುಗಿಸಿದರು. ಅದರಲ್ಲಿದ್ದದ್ದು ನೌಕರಿಗೆ ಸೇರಿದ ದಿನ ಡಾಕ್ಟರರು ಅಂದಾಜಿಗೆ ಬರೆದ ತಾರೀಕು, ಜುಲೈ ಒಂದು ಅರವತ್ತೆಂಟು. ಪಕ್ಕದಲ್ಲಿ ಕೆಂಪು ಶಾಯಿಯ ಒಂದು ಸಾಲು: 'ಶಾಲಾ ದಾಖಲೆ ದೊರೆತ ಕೂಡಲೇ ತಿದ್ದತಕ್ಕದ್ದು.'

"ದೊರಕಿತಲ್ರಿ ಈಗ," ಎಂದರು ಅವರು ಮೆಲ್ಲಗೆ. "ಈ ಮೇ ಮೂವತ್ತೊಂದಕ್ಕ ನಿಮಗ ಅರವತ್ತು ತುಂಬತಾವ. ಇಪ್ಪತ್ತು ದಿನ ಉಳದಾವ. ಬಡ್ತಿ ಆದೇಶ ಬರೂದ್ರಾಗ ರಿಟೈರಾಗಿರ್ತೀರಿ."

ಮರ್ದಾನಸಾಬ ಹಾಲ್‌ಟಿಕೆಟ್ಟನ್ನು ಮೇಜಿನಿಂದ ಹಿಂದಕ್ಕೆ ಎಳೆದುಕೊಂಡ.

"ಮತ್ತೊಮ್ಮೆ ಪರೀಕ್ಷಾ ಕಟ್ಟಿ ಫೇಲ್ ಆಗಾಕ ಬರ್ತೈತೇನ್ರಿ ಸಾಹೇಬ್ರ?"

"ಒಮ್ಮೆ ಪಾಸಾದ್ರ ಮುಗೀತು," ಎಂದ ವಿರೂಪಾಕ್ಷಪ್ಪ. ಇದೊಂದನ್ನು ಮಾತ್ರ ಅವನು ಸರಿಯಾಗಿ ಹೇಳಿದ್ದ. ಮರುಕ್ಷಣವೇ ಅವನಿಗೆ ಉತ್ಸಾಹ ಉಕ್ಕಿತು. ಖಾಲಿ ಕುರ್ಚಿಯನ್ನು ದರದರ ಎಳೆದು ತಂದು ನಡುವೆ ಇಟ್ಟ. "ಬರ್ರಿ, ಇದರಾಗ ಕುಂದರ್ರಿ. ಬೀಳ್ಕೊಡೂ ಕಾರ್ಡಿಗೆ ಒಂದು ಫೋಟೋ ಬೇಕಲ್ಲ!"

ಮರ್ದಾನಸಾಬ ಕುರ್ಚಿಯಲ್ಲಿ ಕೂತ. ಕುರ್ಚಿ ಅಲ್ಲಾಡಲಿಲ್ಲ. ಶಾಂಭವಿ ಮೊಬೈಲು ಎತ್ತಿ ಹಿಡಿದು, "ಚಾಚಾ, ಕಿವಿ ಬಿಡ್ರಿ," ಎಂದಳು.