ರೂತ್‌ಲೆಸ್ ಫೋರ್‌ಮನ್ನರು

ಪೀಣ್ಯದ ಫ್ಯಾಕ್ಟರಿಯಲ್ಲಿ ಟೈಪಿಸ್ಟ್ ಆಗಿದ್ದ ನನಗೆ ನಗೋದಕ್ಕೆ ಸಿನಿಮಾ ಬೇಕಿರಲಿಲ್ಲ. ಟೈಪ್‌ರೈಟರಿನ ಕವರ್ ತೆಗೆಯುವ ಮೊದಲೇ ಒಂದಲ್ಲ ಒಂದು ತಮಾಷೆ ಎದುರಿಗೆ ಬಂದು ನಿಂತಿರುತ್ತಿತ್ತು. ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಮ್ಮ ಮಾಲೀಕರು ಬೊಂಬಾಯಿಯವರು. ದೂರು ಹೋಗಬೇಕಾದರೆ ಇಂಗ್ಲಿಷಿನಲ್ಲೇ ಹೋಗಬೇಕು, ಇಂಗ್ಲಿಷ್ ಬೇಕಾದರೆ ನನ್ನ ಹತ್ತಿರವೇ ಬರಬೇಕು. ಹೇಳಿಕೊಳ್ಳೋದಕ್ಕೆ ನನಗೇನೂ ಸಂಕೋಚವಿಲ್ಲ, ಇಡೀ ಆಫೀಸಿನಲ್ಲಿ ಡಿಕ್ಷನರಿ ಬಿಚ್ಚಿ ನೋಡುತ್ತಿದ್ದವಳು ನಾನೊಬ್ಬಳೇ.

೧. ಯಾವ ಪದ ಹಾಕೋಣ?

ಲೇತ್ ಆಪರೇಟರ್ ಒಬ್ಬನಿಗೆ ಮುಂದಿನ ತಿಂಗಳು ಮದುವೆ ಗೊತ್ತಾಗಿತ್ತು. ಫೋರ್‌ಮನ್ ರಜೆ ಕೊಡಲಿಲ್ಲ. "ಆರ್ಡರ್ ಮುಗೀಲಿ, ಆಮೇಲೆ ಮದ್ವೆ ಆಗು" ಅಂದರಂತೆ.

"ಈ ಮುಹೂರ್ತ ತಪ್ಪಿದ್ರೆ ಹುಡುಗಿ ಕಡೆಯವ್ರು ಬೇರೆ ಗಂಡು ನೋಡ್ತಾರಂತೆ ಮೇಡಂ" ಅಂತ ಅಳುಮುಖ ಮಾಡಿಕೊಂಡು ಬಂದ. ಅವನ ಹಿಂದೆ ಇಡೀ ಶಿಫ್ಟು, ಫೋರ್‌ಮನ್ ಮೇಲೆ ಮಾಲೀಕರಿಗೆ ದೂರು ಬರೆಸೋದಕ್ಕೆ.

"ಕ್ರೂಯಲ್ ಅಂತ ಹಾಕಿ" ಅಂದ ಒಬ್ಬ.

"ಕ್ರೂಯಲ್ ಅಂದ್ರೆ ಇನ್ನೊಬ್ಬರ ನೋವು ನೋಡಿ ಖುಷಿಪಡೋರು ಕಣ್ರೀ. ನಿಮ್ಮ ಫೋರ್‌ಮನ್ ಖುಷಿಯಾಗಿದ್ದಿದ್ದು ಯಾವತ್ತಾದ್ರೂ ನೋಡಿದೀರಾ?"

ಎಲ್ಲರೂ ಯೋಚಿಸಿದರು. ಯಾರೂ ನೋಡಿರಲಿಲ್ಲ.

"ಹಂಗಾದ್ರೆ ಬ್ರೂಟಲ್?"

"ಅದಕ್ಕೆ ಹೊಡೆತ ಬಡಿತ ಇರಬೇಕು. ಹೊಡೆದಿದಾರಾ?"

"ಇಲ್ಲ ಮೇಡಂ. ಬೇಕಾದ್ರೆ ನಾಳೆ ಹೊಡೆಸ್ಕೊಂಡು ಬರ್ತೀನಿ" ಅಂದ ಮದುವೆ ಗಂಡು.

೨. ಫೋರ್‌ಮನ್ ಬಂದರು

ಕೊನೆಗೆ ನಾನೇ ತೀರ್ಮಾನ ಮಾಡಿದೆ. "ಹಾರ್ಷ್ ಅಂದ್ರೆ ಬಾಯಿ ಒರಟು, ಅಷ್ಟೆ. ರೂತ್‌ಲೆಸ್ ಅಂದ್ರೆ ಯಾರು ಸಾಯಲಿ ಬಿಡಲಿ, ತನ್ನ ಕೆಲಸ ಆಗೋವರೆಗೂ ಕರಗದೇ ಇರೋರು. ಇದೇ ಸರಿ." ಟೈಪ್ ಮಾಡಿ ಬೊಂಬಾಯಿಗೆ ಕಳಿಸಿಯೇಬಿಟ್ಟೆವು.

ಸುದ್ದಿ ಫೋರ್‌ಮನ್ ಕಿವಿಗೂ ಬಿತ್ತು. ಸೀದಾ ನನ್ನ ಮೇಜಿನ ಮುಂದೆ ಬಂದು ನಿಂತರು. "ಏನಮ್ಮಾ, ನನ್ ಮೇಲೆ ಏನೋ ಬರ್ದಿದೀಯಂತೆ?"

ನಾನೇನು ಹೆದರುವ ಪೈಕಿಯಲ್ಲ. ಅರ್ಥ ಬಿಡಿಸಿ ಹೇಳಿದೆ. ಅವರು "ಸರಿಯಾಗೇ ಬರ್ದಿದೀಯ. ನಮ್ಮನೆಯೋಳು ಬರೀ ರಾಕ್ಷಸ ಅಂತಾಳೆ. ಅವಳಿಗೂ ಈ ಪದ ಹೇಳ್ಕೊಡು" ಅಂದು ಹೊರಟೇಹೋದರು.

೩. ಬೊಂಬಾಯಿಯ ಉತ್ತರ

ಯಾರಿಗೂ ಕರಗದ ಇಂಥ ಮನುಷ್ಯನನ್ನೇ ಹುಡುಕುತ್ತಿದ್ದೆವು ಅಂತ ಮಾಲೀಕರ ಉತ್ತರ ಬಂತು. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಶುರುವಾಗುತ್ತಿದ್ದ ಹೊಸ ಯೂನಿಟ್ಟಿಗೆ ಫೋರ್‌ಮನ್ನೇ ಮ್ಯಾನೇಜರ್! ಎಲ್ಲರಿಗಿಂತ ಮೊದಲು ನನಗೇ ಮೈಸೂರುಪಾಕು ತಂದುಕೊಟ್ಟರು.

ಅವರ ಜಾಗಕ್ಕೆ ಬಂದವರು ಅವರ ಕೈಕೆಳಗಿನ ಅಸಿಸ್ಟೆಂಟು. ಸಾಧು ಅಂದರೆ ಸಾಧು, ಯಾರಿಗೂ ಇಲ್ಲ ಅಂದ ಮನುಷ್ಯನಲ್ಲ. ನಮ್ಮ ಮದುವೆ ಗಂಡು ಕುಣಿದುಕೊಂಡು ರಜೆ ಕೇಳಲು ಹೋದ, ಜೋಲುಮುಖ ಹಾಕಿಕೊಂಡು ವಾಪಸು ಬಂದ.

"ಕೊಡಲ್ಲ ಅಂತಾರೆ ಮೇಡಂ. ಮೊದ್ಲು ನನ್ ಮೇಲೂ ಒಂದು ಕಂಪ್ಲೇಂಟ್ ಬರೆಸು ಅಂತಾರೆ!"

ಮುಹೂರ್ತ ನಾಳಿದ್ದು. ನನಗೆ ಮೈಯೆಲ್ಲ ಉರಿದುಹೋಯಿತು. ಡಿಕ್ಷನರಿ ಬದಿಗಿಟ್ಟು ಕ್ರೂಯಲ್, ಬ್ರೂಟಲ್, ಹಾರ್ಟ್‌ಲೆಸ್, ರೂತ್‌ಲೆಸ್ ಎಲ್ಲವನ್ನೂ ಒಂದೇ ಸಾಲಿಗೆ ತುರುಕಿ ಟೈಪ್ ಮಾಡಿಕೊಟ್ಟೆ. ಆ ಸಾಧು ಮನುಷ್ಯ ಕನ್ನಡಕ ಏರಿಸಿಕೊಂಡು ಓದಿ, "ಇನ್‌ಹ್ಯೂಮನ್ ಬಿಟ್ಟೋಗಿದೆಯಲ್ಲಮ್ಮಾ" ಅಂತ ಬೇಜಾರು ಮಾಡಿಕೊಂಡರು. ಅದನ್ನೂ ಸೇರಿಸಿದೆ. ಆಮೇಲೇ ರಜೆಗೆ ಸಹಿ ಬಿದ್ದಿದ್ದು. ಬೊಂಬಾಯಿಗೆ ಹೋಗಬೇಕಾದ ಆ ಲಕೋಟೆಯನ್ನು ಮದುವೆ ಗಂಡೇ ಜೇಬಿಗೆ ಹಾಕಿಕೊಂಡು ಹೋದ.

ಮದುವೆ ಬಾಗಲಗುಂಟೆಯಲ್ಲಿ ಚೆನ್ನಾಗಿಯೇ ಆಯಿತು. ಹೊಸ ಫೋರ್‌ಮನ್ನರೂ ಬಂದಿದ್ದರು. ಅಕ್ಷತೆ ಹಾಕಿ ಮದುಮಗನ ಕಿವಿಯ ಹತ್ತಿರ ಬಗ್ಗಿದರು. ಆಶೀರ್ವಾದ ಮಾಡ್ತಿದಾರೆ ಅಂತ ಹುಡುಗಿ ಕಡೆಯವರೆಲ್ಲ ಕೈಮುಗಿದರು. ಪಕ್ಕದಲ್ಲೇ ನಿಂತಿದ್ದ ನನಗೆ ಮಾತ್ರ ಕೇಳಿಸಿತು.

"ಪೋಸ್ಟ್ ಮಾಡಿದ್ಯೇನಪ್ಪಾ?"