ಗಾಳಿ ತುಂಬಿದರೂ ಆರದ ಲೈಟು

ಈಗಿನ ಕಾರುಗಳು ಮನುಷ್ಯರಿಗಿಂತ ಹೆಚ್ಚು ನರಳುತ್ತವೆ. ಟೈರಿನಲ್ಲಿ ಗಾಳಿ ಸರಿಯಾಗೇ ಇರುತ್ತದೆ, ಆದರೂ ಸ್ಟೇರಿಂಗಿನ ಹಿಂದೆ ಹಳದಿ ಲೈಟು ಹತ್ತಿಕೊಂಡು ಗಾಳಿ ಕಮ್ಮಿ ಅಂತ ದೂರು ಹೇಳುತ್ತದೆ. ಚಳ್ಳಕೆರೆಯಿಂದ ಮೊಳಕಾಲ್ಮೂರಿನ ತನಕ ಇಂಥ ಕಾರು ವಾರಕ್ಕೆ ಎರಡಾದರೂ ನನ್ನ ಪಾಲಿಗೆ ಬರುತ್ತವೆ.

ನಾನು ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವನು. ಲಾರಿ ಕ್ಲೀನರ್ ಆದೆ, ಬೋರ್‌ವೆಲ್ ಲಾರಿಯ ಜೊತೆ ಊರೂರು ತಿರುಗಿದೆ, ಮೊಳಕಾಲ್ಮೂರಿನಲ್ಲಿ ಮಗ್ಗದ ಮುಂದೆ ಕೂತು ಒಂಬತ್ತನೇ ದಿನ ಎದ್ದು ಬಂದೆ. ಒಂದು ಕಡೆ ಕೂತರೆ ನನಗೆ ಕಾಲು ಜೋಮು ಹಿಡಿಯುತ್ತದೆ. ಈಗ ಬೈಕಿನ ಹಿಂದೆ ಸಣ್ಣದೊಂದು ಹವಾ ಪಂಪು, ಗೇಜು, ಪಂಕ್ಚರ್ ಸಾಮಾನು ಕಟ್ಟಿಕೊಂಡು, ಫೋನ್ ಬಂದ ಕಡೆ ಹೋಗಿ ಟೈರು ನೋಡುತ್ತೇನೆ.

ಇದು ಕೆಲಸ ಅಂತ ಅವ್ವನಿಗೆ ಅನ್ನಿಸಿಯೇ ಇಲ್ಲ. ಅವಳ ತಮ್ಮ, ಅಂದರೆ ನನ್ನ ಸೋದರಮಾವ, ಚಳ್ಳಕೆರೆಯಲ್ಲಿ ಎಣ್ಣೆ ಮಿಲ್ಲು ನಡೆಸುತ್ತಾರೆ. ಮಿಲ್ಲಿನ ಗೇಟಿನ ಪಕ್ಕ ಒಂದು ಕಬ್ಬಿಣದ ಕುರ್ಚಿ. ಹಳೇ ವಾಚ್‌ಮನ್ ಬಿಟ್ಟುಹೋದ ದಿನದಿಂದ ಅವ್ವನ ಕಣ್ಣು ಆ ಕುರ್ಚಿಯ ಮೇಲೆ.

“ನೆರಳೈತೆ, ಫ್ಯಾನೈತೆ. ಹೋಗಿ ಕೂತ್ಕೊಳ್ಳೋಕೆ ಏನೋ ನಿಂಗೆ?”

“ಅವ್ವಾ, ನನ್ನ ಕೈಲಿ ಆರದೇ ಇರೋ ಲೈಟು ಒಂದೇ ಒಂದು ಸಿಗ್ಲಿ, ಮಾರನೇ ದಿನ ಹೋಗಿ ಕೂತ್ಕೊಂತೀನಿ,” ಅಂದುಬಿಟ್ಟೆ.

ಬಾಯಿ ತಪ್ಪಿ ಬಂದ ಮಾತು. ಅವ್ವ ಅದನ್ನು ಬೀದಿಗೆಲ್ಲ ಹೇಳಿ ಬಂದಳು. ಅಂದಿನಿಂದ ನನಗೆ ಪ್ರತಿ ಲೈಟೂ ಪರೀಕ್ಷೆಯೇ.

ಕಂಬಳಿ

ಮೊಳಕಾಲ್ಮೂರಿನ ಒಬ್ಬ ಸೀರೆ ವ್ಯಾಪಾರಿಯ ಕಾರಿನಲ್ಲಿ ಚಳಿಗಾಲದ ದಿನ ಬೆಳಗಾದರೆ ಲೈಟು ಹತ್ತುತ್ತಿತ್ತು. ನಾನು ಬೈಕಿನಲ್ಲಿ ಅಲ್ಲಿಗೆ ಮುಟ್ಟುವ ಹೊತ್ತಿಗೆ ಬಿಸಿಲೇರಿ ತಾನೇ ಆರಿರುತ್ತಿತ್ತು. ಎರಡು ಸಲ ಬರಿಗೈಲಿ ವಾಪಸ್ ಬಂದೆ. ಮೂರನೇ ಸಲ ಹಿಂದಿನ ದಿನವೇ ಹೋಗಿ ಸ್ನೇಹಿತನ ಮನೆಯಲ್ಲಿ ಮಲಗಿ, ಬೆಳಕು ಹರಿಯುತ್ತಲೇ ವ್ಯಾಪಾರಿಯ ಅಂಗಳಕ್ಕೆ ಹೋದೆ. ನೋಡಿದರೆ ಕಾರಿನ ನಾಲ್ಕೂ ಚಕ್ರಕ್ಕೆ ಕರೀ ಕಂಬಳಿ ಸುತ್ತಿತ್ತು.

“ಇದೇನ್ರಿ ಅಣ್ಣಾ?”

“ಟೈರಿಗೆ ಚಳಿ ಆದ್ರೆ ಲೈಟು ಬರ್ತೈತೆ ಅಂತ ಯಾರೋ ಅಂದ್ರಪ್ಪ. ಅದಕ್ಕೆ ಹೊದಿಸೀನಿ.”

ಆ ಯಾರೋ ಹೇಳಿದ್ದು ಅರ್ಧ ನಿಜ. ಚಳಿಗೆ ಒಳಗಿನ ಗಾಳಿ ಕುಗ್ಗುತ್ತದೆ. ಇವರು ಮಧ್ಯಾಹ್ನ ಬಳ್ಳಾರಿ ರಸ್ತೆಯಲ್ಲಿ ಓಡಿಸಿ, ಟೈರು ಕಾದಿರುವಾಗ ಬಂಕಿಗೆ ಹೋಗಿ ಸರಿಯಾದ ನಂಬರಿಗೆ ಗಾಳಿ ಹಾಕಿಸುತ್ತಿದ್ದರು. ಬೆಳಗಿನ ಜಾವಕ್ಕೆ ಅದೇ ಗಾಳಿ ಕಮ್ಮಿ ತೋರಿಸುತ್ತಿತ್ತು. ಕಂಬಳಿ ಬಿಚ್ಚಿದೆ. ಬಾಗಿಲ ಸಂದಿಯಲ್ಲಿ ಕಂಪನಿಯವರು ಅಂಟಿಸಿದ ಚೀಟಿಯ ನಂಬರು ನೋಡಿ, ಟೈರು ತಣ್ಣಗಿರುವಾಗಲೇ ಗಾಳಿ ತುಂಬಿದೆ. ಲೈಟು ಆರಿತು, ಆಮೇಲೆ ಬರಲಿಲ್ಲ.

ವ್ಯಾಪಾರಿಯ ಹೆಂಡತಿ ಕಂಬಳಿಗಳನ್ನು ಒಂದೊಂದಾಗಿ ಕೊಡವಿ ಎತ್ತಿಕೊಂಡು ಹೇಳಿದರು: “ನಿನ್ನೆ ನನಗೆ ಚಳಿ ಅಂದಾಗ ಕಿಟಕಿ ಹಾಕ್ಕೋ ಅಂದ್ರಪ್ಪ ಇವ್ರು.”

ಐದು

ಕುದಾಪುರದ ಕಡೆ ವಿಜ್ಞಾನಿಗಳ ಕ್ಯಾಂಪಸ್ಸಿನಲ್ಲಿ ಕೆಲಸ ಮಾಡುವ ಒಬ್ಬ ಸಾಹೇಬರು. ತುಂಬಾ ಓದಿದವರು, ತುಂಬಾ ಒಳ್ಳೆಯವರು. ನನ್ನನ್ನು ಕೂರಿಸಿ, ಟೀ ಕೊಟ್ಟು, ಒಂದು ಪುಸ್ತಕ ಮುಂದಿಟ್ಟರು. ಹದಿನೈದು ದಿನ ನಾಲ್ಕೂ ಟೈರಿನ ಗಾಳಿ ಅಳೆದು, ಬೆಳಿಗ್ಗೆ ಎಷ್ಟು, ಸಂಜೆ ಎಷ್ಟು, ಬಿಸಿಲು ಎಷ್ಟು ಅಂತ ಬರೆದು, ನಾಲ್ಕು ಬಣ್ಣದಲ್ಲಿ ಗೆರೆ ಎಳೆದಿದ್ದರು.

“ನಾಲ್ಕೂ ಪರ್ಫೆಕ್ಟ್ ಇದೆ. ಆದರೂ ಲೈಟು ಆರ್ತಿಲ್ಲ. ಇದು ಸಾಫ್ಟ್‌ವೇರ್ ತೊಂದರೆ ಅನ್ಸುತ್ತೆ,” ಅಂದರು.

ಗೆರೆ ನೋಡುತ್ತಿದ್ದಂತೆ ಕಬ್ಬಿಣದ ಕುರ್ಚಿ ಕಣ್ಣ ಮುಂದೆ ಬಂತು. ಏನೂ ತೋಚದೆ ಡಿಕ್ಕಿ ತೆಗೆದು ಸ್ಟೆಪ್ನಿಗೆ ಗೇಜು ಇಟ್ಟೆ. ಮೂವತ್ತಿರಬೇಕಾದ ಕಡೆ ಹನ್ನೊಂದು ತೋರಿಸಿತು. ಆ ಕಾರಿನಲ್ಲಿ ಸ್ಟೆಪ್ನಿಯೊಳಗೂ ಗಾಳಿ ಅಳೆಯುವ ಒಂದು ಸೆನ್ಸರ್ ಇತ್ತು. ಕೊಂಡಾಗಿನಿಂದ ಅದನ್ನು ಯಾರೂ ಮುಟ್ಟಿರಲಿಲ್ಲ. ಗಾಳಿ ತುಂಬಿ ಒಂದು ಸುತ್ತು ಓಡಿಸಿ ಬಂದರೆ ಲೈಟು ಮಾಯ.

ಸಾಹೇಬರು ಪುಸ್ತಕ ಮುಚ್ಚಿದರು. “ನೀನು ಏನು ಓದಿದೀಯಪ್ಪ?”

“ಏಳನೇ ಕ್ಲಾಸು ಫೇಲು ಸಾರ್. ಐದರ ತನಕ ಎಣಿಸೋಕೆ ಬರ್ತೈತೆ.”

ಬೊಟ್ಟು

ನನ್ನಿವಾಳದಿಂದ ಒಬ್ಬ ಈರುಳ್ಳಿ ಬೆಳೆಗಾರ ಫೋನ್ ಮಾಡಿದ. “ಲೈಟಿನ ಕಥೆ ಅಲ್ಲಪ್ಪ, ಲೈಟೇ ಬರ್ತಿಲ್ಲ. ಕಾರು ಎಡಕ್ಕೆ ಎಳೀತೈತೆ.”

ಹೋಗಿ ಒಳಗೆ ಕೂತು ನೋಡಿದೆ. ಲೈಟು ಇರಬೇಕಾದ ಜಾಗದಲ್ಲಿ ಕಾಸಿನಗಲದ ಕೆಂಪು ಸ್ಟಿಕ್ಕರ್ ಬೊಟ್ಟು.

“ನಾನೇ ಹಚ್ಚಿದ್ದು,” ಅಂದಳು ಅವನ ಹೆಂಡತಿ. “ದಾರಿ ಉದ್ದಕ್ಕೂ ಹಳದಿ ಕಣ್ಣು ಬಿಟ್ಕೊಂಡು ನನ್ನೇ ನೋಡ್ತಿತ್ತು. ಎಲ್ರೂ ಅದು ಸುಳ್ಳು ಲೈಟು ಅಂತಾರಲ್ಲ.”

ಬೊಟ್ಟು ಕಿತ್ತರೆ ಲೈಟು ಪಾಪ ಉರಿಯುತ್ತಲೇ ಇತ್ತು. ಮುಂದಿನ ಎಡಗಡೆ ಟೈರಿನಲ್ಲಿ ಹೆಬ್ಬೆರಳುದ್ದ ಜಾಲಿಮುಳ್ಳು. ನೂರು ಸುಳ್ಳಿನ ನಡುವೆ ನಿಜ ಹೇಳಿದ್ದು ಅದೊಂದೇ ಕಾರು, ಅದರ ಬಾಯಿಗೇ ಬೊಟ್ಟು. ಪಂಕ್ಚರ್ ಹಾಕಿದೆ, ಗಾಳಿ ತುಂಬಿದೆ, ಲೈಟು ಆರಿತು.

ಆ ಹೆಣ್ಣುಮಗಳು ನನ್ನ ಬೆರಳಿಗೆ ಅಂಟಿದ್ದ ಬೊಟ್ಟನ್ನು ಬಿಡಿಸಿಕೊಂಡು ಮತ್ತೆ ಅದೇ ಜಾಗಕ್ಕೆ ಹಚ್ಚಿದಳು. “ಇರ್ಲಿ ಬಿಡಣ್ಣ. ಲಕ್ಷಣವಾಗಿ ಕಾಣ್ತೈತೆ.”

ಮಾವನ ಕಾರು

ಕೊನೆಗೆ ಮಾವನೇ ಫೋನ್ ಮಾಡಿದರು. “ಲೇ, ನನ್ನ ಕಾರಲ್ಲೂ ಎಷ್ಟೋ ದಿನದಿಂದ ಲೈಟು ಉರೀತೈತೆ. ಬಾ, ಆರಿಸು. ನಿಮ್ಮವ್ವನೂ ಇಲ್ಲೇ ಅದಾಳೆ.”

ಹೋದಾಗ ಅವ್ವ ಗೇಟಿನ ಹತ್ತಿರ ಕುರ್ಚಿಯ ಧೂಳು ಒರೆಸುತ್ತಿದ್ದಳು.

ಗೇಜು ಇಟ್ಟೆ, ನಾಲ್ಕೂ ಮೂವತ್ತಮೂರು. ಸ್ಟೆಪ್ನಿ ಸರಿ. ಮುಳ್ಳಿಲ್ಲ, ಮೊಳೆಯಿಲ್ಲ. ಬೆಳಿಗ್ಗೆ ತಣ್ಣಗಿದ್ದಾಗ ನೋಡಿದೆ, ಮಧ್ಯಾಹ್ನ ಕಾದಾಗ ನೋಡಿದೆ. ಎರಡು ದಿನ ಕಳೆಯಿತು, ಲೈಟು ಜಪ್ಪಯ್ಯ ಅನ್ನಲಿಲ್ಲ. ಅಷ್ಟರಲ್ಲಿ ಅವ್ವ ಕುರ್ಚಿಗೆ ಒಂದು ಮೆತ್ತೆ ಹೊಲಿದು ತಂದಿದ್ದಳು.

ಒಂದು ವಿಷಯ ಮಾತ್ರ ತಲೆ ತಿನ್ನುತ್ತಿತ್ತು. ಕಾರನ್ನು ಊರ ಹೊರಗೆ ಓಡಿಸಿದರೆ ಲೈಟಿನ ಜೊತೆ, ಮುಂದಿನ ಪರದೆಯಲ್ಲಿ ಗಾಳಿ ತೋರಿಸುವ ನಾಲ್ಕು ಟೈರಿನ ಜಾಗದಲ್ಲಿ ಬರೀ ಗೆರೆ ಕಾಣುತ್ತಿತ್ತು, ನಂಬರಿಲ್ಲ. ಮಿಲ್ಲಿನ ಅಂಗಳಕ್ಕೆ ಬಂದು ನಿಂತರೆ ಸ್ವಲ್ಪ ಹೊತ್ತಿಗೆ ನಂಬರು ಬರುತ್ತಿದ್ದವು: ಮೂರು ಟೈರಿಗೆ ಮೂವತ್ತರ ಹತ್ತಿರ, ಹಿಂದಿನ ಎಡಗಡೆಗೆ ಹದಿನೆಂಟು. ಗೇಜಿನಲ್ಲಿ ಮೂವತ್ತಮೂರು, ಕಾರಿನಲ್ಲಿ ಹದಿನೆಂಟು.

ಮೂರನೇ ದಿನ ಕಾರಿನೊಳಗೆ ಗಲ್ಲಕ್ಕೆ ಕೈಕೊಟ್ಟು ಕೂತಿದ್ದೆ. ಪಕ್ಕದಲ್ಲಿ ಶೇಂಗಾ ಚೀಲ ಎಳೆಯುವ ಟ್ರಾಲಿ ಬಂದು ನಿಂತಿತು. ವಯಸ್ಸಾದ ಹಮಾಲಿಯೊಬ್ಬರು ಬಗ್ಗಿ, ಬೆಂಕಿಕಡ್ಡಿಯಲ್ಲಿ ಅದರ ಚಕ್ರದ ವಾಲ್ವು ಒತ್ತಿದರು. ಬುಸ್ ಅಂತ ಗಾಳಿ ಹೋಯಿತು. ನನ್ನ ಮುಂದೆ ಹದಿನೆಂಟು ಹೋಗಿ ಹದಿನಾರಾಯಿತು. ಮತ್ತೆ ಬುಸ್. ಹದಿನಾಲ್ಕು.

ಕಾರಿನಿಂದ ಹಾರಿ ಇಳಿದೆ. “ಅಜ್ಜಾ, ಯಾಕೆ ಗಾಳಿ ಬಿಡ್ತೀರಿ?”

“ಈ ಚಕ್ರ ಬಿಗಿ ಇದ್ರೆ ಟ್ರಾಲಿ ಕುಣೀತೈತಪ್ಪ, ಚೀಲ ಬೀಳ್ತಾವೆ. ದಿನಾ ಒಂದೀಟು ಬಿಡ್ತೀನಿ.”

ಸೀದಾ ಮಾವನ ಹತ್ತಿರ ಹೋದೆ. “ಮಾವ, ಕಾರಿಗೆ ಈ ಹೊಳೆಯೋ ಚಕ್ರ ಯಾವಾಗ ಹಾಕಿಸಿದ್ರಿ?”

“ಮೂರು ತಿಂಗಳಾತು. ದಾವಣಗೆರೆಯಲ್ಲಿ.”

“ಹಳೇ ಚಕ್ರ ಏನಾದವು?”

“ಎಸೆಯೋಕೆ ಆಗ್ತೈತೇನಲೇ? ಟ್ರಾಲಿಗೆ ಹಾಕ್ಸೀನಿ. ನಾಲ್ಕೂ ಗಟ್ಟಿಯಾಗಿ ಅದಾವೆ.”

ಗಟ್ಟಿಯಾಗಿದ್ದವು, ಒಳಗೆ ಸೆನ್ಸರೂ ಇದ್ದವು. ಹೊಸ ಚಕ್ರದಲ್ಲಿ ಸೆನ್ಸರೇ ಇರಲಿಲ್ಲ. ಹತ್ತಿರವಿದ್ದರೆ ಸಾಕು, ಸೆನ್ಸರಿನ ಸುದ್ದಿ ತಂತಿಯಿಲ್ಲದೆ ಕಾರಿಗೆ ಮುಟ್ಟುತ್ತದೆ. ಕಾರು ಮೂರು ತಿಂಗಳಿಂದ ತನ್ನ ಹಳೇ ಕಾಲುಗಳ ಸುದ್ದಿ ಹೇಳುತ್ತಿತ್ತು.

ಮಾವನನ್ನು ಕಾರಿನಲ್ಲಿ ಕೂರಿಸಿ, ನಂಬರು ಓದಿ ಅಂದೆ. ಅವ್ವ ಮೆತ್ತೆ ಹಿಡಿದುಕೊಂಡು ನಿಂತಳು. ನಾನು ಪಂಪು ತೆಗೆದುಕೊಂಡು ಹೋಗಿ ಟ್ರಾಲಿಯ ಚಕ್ರಕ್ಕೆ ಹಚ್ಚಿದೆ.

“ಲೇ, ಕಾರು ಇಲ್ಲೈತೆ,” ಅಂತ ಮಾವ ಒಳಗಿಂದ ಕೂಗಿದರು.

“ಗೊತ್ತೈತೆ, ಓದ್ರಿ.”

“ಹದಿನಾಲ್ಕು… ಇಪ್ಪತ್ತು… ಇಪ್ಪತ್ತಾರು…” ದನಿ ಸಣ್ಣಗಾಗುತ್ತಾ ಹೋಯಿತು. “ಮೂವತ್ತೆರಡು. ಲೇ, ಆರ್ತು.”

ಹಮಾಲಿಗಳೆಲ್ಲ ಚೀಲ ಇಳಿಸಿ ನಿಂತು ನೋಡಿದರು. ನಾನು ಪಂಪು ಸುತ್ತಿ ಹೆಗಲಿಗೆ ಹಾಕಿಕೊಂಡು, ಬಂಗಾರದ ಪದಕ ಗೆದ್ದವನ ಹಾಗೆ ನಡೆದು ಬಂದೆ.

“ಇನ್ನು ಆ ಸೆನ್ಸರ್ ನಾಲ್ಕೂ ಬಿಚ್ಚಿ ಕಾರಿನ ಹೊಸ ಚಕ್ರಕ್ಕೆ ಹಾಕಿದ್ರೆ ಮುಗೀತು ಮಾವ. ಮತ್ತೆ ಸುಳ್ಳು ಹೇಳಲ್ಲ.”

ಮಾವ ಕಾರಿನಿಂದ ಇಳಿಯಲಿಲ್ಲ. ಅವರ ಕಣ್ಣು ಇನ್ನೂ ನಂಬರಿನ ಮೇಲೇ ಇತ್ತು. ಅಷ್ಟರಲ್ಲಿ ಅಜ್ಜ ಅಭ್ಯಾಸಬಲದಿಂದ ಬೆಂಕಿಕಡ್ಡಿ ತೆಗೆದುಕೊಂಡು ಬಗ್ಗಿ ಅದೇ ಚಕ್ರದ ವಾಲ್ವು ಒತ್ತಿದರು, ಬುಸ್. ಮಾವ ತಲೆ ಎತ್ತದೆ, ಗಾಜು ಕೂಡ ಇಳಿಸದೆ ಗದರಿದರು: “ಹಿಂದಿನ ಎಡಗಡೆ ಚಕ್ರ. ಕೈ ತಗೀರಿ.”

ಅಜ್ಜ ಕಡ್ಡಿ ಬಿಸಾಕಿ ಆಕಾಶ ನೋಡಿ ಕೈ ಮುಗಿದರು.

ಮಾವ ಆಗ ಇಳಿದರು. ಕಾರಿನ ಬೆನ್ನು ತಟ್ಟಿದರು. “ಸೆನ್ಸರ್ ಬಿಚ್ಬೇಡ. ಹೊರಗಡೆ ಹೋದಾಗ ಲೈಟು ಉರೀಲಿ ಬಿಡು, ನನಗೇನು.”

ನಾನು ಅವ್ವನ ಕೈಯಿಂದ ಮೆತ್ತೆ ಇಸಿದುಕೊಂಡು ಬೈಕಿನ ಸೀಟಿಗೆ ಕಟ್ಟಿದೆ. “ಅವ್ವಾ, ನಿನ್ನ ತಮ್ಮನ ಮಿಲ್ಲಲ್ಲಿ ವಾಚ್‌ಮನ್ ಕೆಲ್ಸ ಖಾಲಿ ಇಲ್ಲ. ಕಾರು ಸೇರ್ಕೊಂಡೈತೆ.”